ಕಲ್ಲು, ಗೂಡು, ಜೇಡಿಮಣ್ಣು: ಮಕ್ಕಳ ಕೈಗೆ ಕೆಲಸ ಕೊಡುವ ಪ್ರವಾಸ

ಭಾನುವಾರ ಬೆಂಗಳೂರಿನಿಂದ ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಕಾರುಗಳ ದಿನಚರಿ ಹೆಚ್ಚುಕಡಿಮೆ ಒಂದೇ. ನಸುಕಿಗೆ ನಂದಿಬೆಟ್ಟ, ಇಳಿದ ಮೇಲೆ ಒಂದು ದೇವಸ್ಥಾನ, ಊಟ, ಇನ್ನೊಂದು ದೇವಸ್ಥಾನ, ಯಾವುದೋ ಕೆರೆ ಏರಿ, ವಾಪಸು. ದೊಡ್ಡವರ ಮೊಬೈಲಿನಲ್ಲಿ ನಾಲ್ಕುನೂರು ಫೋಟೊ. ಮಗುವಿಗೆ ನೆನಪಿರುವುದು ಖಾರ ಹಚ್ಚಿದ ಜೋಳ ಮತ್ತು ಅದನ್ನು ಕಿತ್ತುಕೊಂಡ ಕೋತಿ.

ಇದು ಮಗುವಿನ ತಪ್ಪಲ್ಲ. ಕಣ್ಣಿಗೆ ಮಾತ್ರ ಕೆಲಸ ಕೊಟ್ಟು ಕೈಯನ್ನು ಖಾಲಿ ಬಿಟ್ಟರೆ ಆರು ವರ್ಷದ ಮಗು ಹತ್ತು ನಿಮಿಷಕ್ಕಿಂತ ಹೆಚ್ಚು ಎಲ್ಲೂ ನಿಲ್ಲುವುದಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಕ್ಕಳು ಅರ್ಧ ದಿನ ಕಳೆಯುವುದು ಅಲ್ಲಿ ಒತ್ತಲು ಗುಂಡಿ, ತಿರುಗಿಸಲು ಹಿಡಿಕೆ ಇರುವುದರಿಂದ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಬಂದರೆ ಕಟ್ಟಡಕ್ಕಿಂತ ಹೆಚ್ಚಿನದು ಸಿಗುತ್ತದೆ: ಕಲ್ಲು ಕೆತ್ತುವ ಊರು, ರೇಷ್ಮೆ ಬಿಚ್ಚುವ ಪೇಟೆ, ಕಣ್ಣೆದುರಿಗೇ ಎದ್ದು ನಿಲ್ಲುವ ಮಣ್ಣಿನ ಗಣಪ. ಇವನ್ನು ಐದು ಜಾಗದ ಪಟ್ಟಿಯಾಗಿ ಮುಗಿಸುವ ಬದಲು ದಿನಕ್ಕೊಂದು ವಸ್ತು ಹಿಡಿಯಬೇಕು. ಕಲ್ಲಿನ ದಿನ ಕಲ್ಲು ಮಾತ್ರ, ಮಣ್ಣಿನ ದಿನ ಮಣ್ಣು ಮಾತ್ರ. ಬೆಳಿಗ್ಗೆ ಕಂಡದ್ದನ್ನು ಮಗು ಅದೇ ದಿನ ತನ್ನ ಕೈಯಲ್ಲಿ ಒಮ್ಮೆ ಮಾಡಿ ನೋಡಬೇಕು. ಮಾರನೆಯ ದಿನಕ್ಕೆ ಹಾಕಿದರೆ ಆ ಕಾವು ಇರುವುದಿಲ್ಲ.

ಚೀಲಕ್ಕೆ ಹೆಚ್ಚೇನೂ ಬೇಡ. ಒಬ್ಬೊಬ್ಬರಿಗೂ ಎರಡು 4ಬಿ ಪೆನ್ಸಿಲ್, ಕ್ಲಿಪ್ ಇರುವ ರಟ್ಟು, ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದ ಹದಿನೈದು ತುಂಡು. ಪೂರ್ತಿ ಹಾಳೆ ಕೊಟ್ಟರೆ ಅದನ್ನು ತುಂಬಿಸುವ ಗಾಬರಿಯಲ್ಲೇ ಮಗು ಸುಸ್ತಾಗುತ್ತದೆ. ರಬ್ಬರ್ ಮನೆಯಲ್ಲೇ ಇರಲಿ. ರಬ್ಬರ್ ಕೈಗೆ ಸಿಕ್ಕರೆ ಮಗು ಎದುರಿನ ಮೂರ್ತಿಯನ್ನು ಬಿಟ್ಟು ತನ್ನ ತಪ್ಪನ್ನೇ ನೋಡುತ್ತಾ ಕೂರುತ್ತದೆ. ಅಂಗೈಯಗಲದ ಒಂದು ಕನ್ನಡಿ, ಅಂಚಿಗೆ ಟೇಪ್ ಸುತ್ತಿದ್ದು. ನಡುವೆ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿದ ಒಂದು ರಟ್ಟು. ದಪ್ಪ ಕಾಲುಚೀಲ, ಏಕೆಂದರೆ ಹನ್ನೊಂದು ಗಂಟೆಯ ಮೇಲೆ ದೇವಸ್ಥಾನದ ಹಾಸುಗಲ್ಲು ಬರಿಗಾಲಿಗೆ ಕಾದ ಹಂಚು. ನೀರುಬಣ್ಣ, ಸ್ಕೆಚ್ ಪೆನ್ ತರಬೇಡಿ. ಒಂದು ಹನಿ ಕಂಬದ ಮೇಲೆ ಬಿದ್ದರೆ ಸಾವಿರ ವರ್ಷದ ಕಲ್ಲು ಅದನ್ನು ಹೀರಿಕೊಳ್ಳುತ್ತದೆ.

ಕನ್ನಡಿ ಯಾಕೆಂದು ತಿಳಿಯಲು ಆವಣಿಗೆ ಹೋಗಬೇಕು. ಮುಳಬಾಗಿಲು ತಾಲ್ಲೂಕಿನ ಈ ಊರಿನಲ್ಲಿ ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರನ ಗುಡಿಗಳಿವೆ. ಹತ್ತನೇ ಶತಮಾನದ ನೊಳಂಬರ ಕಾಲದ ಕೆಲಸ. ಇವುಗಳಲ್ಲಿ ಹೆಚ್ಚು ಕುಸುರಿ ಇರುವುದು ಲಕ್ಷ್ಮಣೇಶ್ವರ ಗುಡಿಗೆ. ಅದರ ಮಂಟಪದ ಒಳಛಾವಣಿಯಲ್ಲಿ ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಪಾಲಕರು. ತಲೆ ಎತ್ತಿ ನೋಡುತ್ತಾ ಬರೆಯಲು ದೊಡ್ಡವರಿಗೂ ಆಗುವುದಿಲ್ಲ, ಎರಡೇ ನಿಮಿಷಕ್ಕೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕನ್ನಡಿಯನ್ನು ಮಗುವಿನ ಹೊಟ್ಟೆಯ ಹತ್ತಿರ ಅಡ್ಡಲಾಗಿ ಹಿಡಿಸಿ. ಛಾವಣಿ ಕೈಗೇ ಇಳಿದು ಬರುತ್ತದೆ.

ಈಗ ಹಾಳೆಯನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಮಡಿಕೆ ಮಾಡಿ ಬಿಚ್ಚಿದರೆ ಒಂಬತ್ತು ಮನೆ. ನಡುಮನೆಗೆ ಶಿವಪಾರ್ವತಿ, ಉಳಿದ ಎಂಟಕ್ಕೆ ಎಂಟು ದಿಕ್ಕು. ಮೂರ್ತಿ ಪೂರ್ತಿ ಬರೆಯಲೇಬೇಕೆಂದಿಲ್ಲ, ವಾಹನ ಹುಡುಕಿದರೆ ಸಾಕು. ಪೂರ್ವದ ಇಂದ್ರನಿಗೆ ಆನೆ, ಆಗ್ನೇಯದ ಅಗ್ನಿಗೆ ಟಗರು, ದಕ್ಷಿಣದ ಯಮನಿಗೆ ಕೋಣ, ನೈಋತ್ಯದ ನಿರುತಿಗೆ ಮನುಷ್ಯ, ಪಶ್ಚಿಮದ ವರುಣನಿಗೆ ಮೊಸಳೆಯಂಥ ಮಕರ, ವಾಯವ್ಯದ ವಾಯುವಿಗೆ ಜಿಂಕೆ, ಉತ್ತರದ ಕುಬೇರನಿಗೆ ಸಾಮಾನ್ಯವಾಗಿ ಕುದುರೆ, ಈಶಾನ್ಯದ ಈಶಾನನಿಗೆ ಎತ್ತು. ಟಗರು ಸಿಕ್ಕಿತೆಂದರೆ ಆಗ್ನೇಯ ಸಿಕ್ಕಿತು. ಮೊಬೈಲಿನ ದಿಕ್ಸೂಚಿ ತೆಗೆದು ತಾಳೆ ನೋಡಿಸಿ. ಕಲ್ಲು ಹೇಳಿದ ದಿಕ್ಕು, ಮೊಬೈಲು ಹೇಳಿದ ದಿಕ್ಕು ಒಂದೇ ಆದಾಗ ಮಕ್ಕಳ ಮುಖ ನೋಡಬೇಕು.

ಇಲ್ಲೊಂದು ಚಮತ್ಕಾರವಿದೆ, ಎಷ್ಟೋ ಜನ ಗಮನಿಸುವುದಿಲ್ಲ. ತಲೆ ಎತ್ತಿ ನೇರವಾಗಿ ನೋಡಿ ಬರೆದ ಚಿತ್ರವನ್ನು ಉತ್ತರ ಮೇಲೆ ಬರುವಂತೆ ತಿರುಗಿಸಿದರೆ ಪೂರ್ವ ಎಡಕ್ಕೆ ಹೋಗಿರುತ್ತದೆ, ಶಾಲೆಯ ಭೂಪಟಕ್ಕೆ ಉಲ್ಟಾ. ಛಾವಣಿಯನ್ನು ನಾವು ಕೆಳಗಿನಿಂದ ನೋಡುತ್ತೇವೆ, ಭೂಪಟವನ್ನು ಮೇಲಿನಿಂದ. ಕನ್ನಡಿಯಲ್ಲಿ ನೋಡಿ ಬರೆದರೆ ದಿಕ್ಕುಗಳು ಭೂಪಟದಂತೆಯೇ ಸರಿಯಾಗಿ ಕೂರುತ್ತವೆ, ಆದರೆ ಮೂರ್ತಿಗಳ ಬಲಗೈ ಎಡಗೈ ಅದಲುಬದಲಾಗುತ್ತದೆ. ಹತ್ತು ದಾಟಿದ ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಡಿ. ಅಕ್ಕ ತಲೆ ಎತ್ತಿ ಬರೆಯಲಿ, ತಮ್ಮ ಕನ್ನಡಿಯಲ್ಲಿ ನೋಡಿ ಬರೆಯಲಿ, ಆಮೇಲೆ ಇಬ್ಬರೇ ಜಗಳವಾಡಿಕೊಂಡು ಕಾರಣ ಹುಡುಕುತ್ತಾರೆ. ತುಮಕೂರು ಕಡೆಯವರಿಗೆ ಇದೇ ಆಟ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಸಿಗುತ್ತದೆ. ಅಲ್ಲಿಯ ಕಲ್ಲೇಶ್ವರ ಗುಡಿಯ ಒಳಛಾವಣಿಯಲ್ಲಿ ಕುಣಿಯುವ ಶಿವ, ವಾದ್ಯ ನುಡಿಸುವವರು, ಸುತ್ತ ಅದೇ ಎಂಟು ಮಂದಿ. ಕೆತ್ತನೆಯ ಚೆಲುವಿನಲ್ಲಿ ನಮ್ಮ ಮತ ಅರಳಗುಪ್ಪೆಗೆ, ಓಡಾಡಲು ಜಾಗ ಬೇಕಾದ ಚಿಕ್ಕ ಮಕ್ಕಳಿಗೆ ಆವಣಿಯೇ ಸರಿ. ಆವಣಿಗೆ ಹೋದರೆ ಮುಳಬಾಗಿಲು ದೋಸೆ ತಪ್ಪಿಸಿಕೊಳ್ಳಲಾಗುವುದಿಲ್ಲ. ದೋಸೆ ಚಿತ್ರ ಬರೆದ ಮೇಲಿರಲಿ, ಮೊದಲೇ ತಿಂದರೆ ತುಪ್ಪದ ಕೈಗೆ ಪೆನ್ಸಿಲ್ ನಿಲ್ಲುವುದಿಲ್ಲ.

ಕೋಲಾರ ಸೀಮೆಯ ಊರುಗಳಲ್ಲಿ ಕೆರೆ ಏರಿ, ಅರಳಿಕಟ್ಟೆ, ಹೊಲದ ಬದುಗಳಲ್ಲಿ ವೀರಗಲ್ಲುಗಳು ನಿಂತಿರುತ್ತವೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಚಿತ್ರಕಥೆ ಇಲ್ಲ, ಓದುವ ಕ್ರಮ ಹೇಳಿಕೊಡಬೇಕು ಅಷ್ಟೆ. ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ: ಬಿಲ್ಲು, ಕತ್ತಿ, ಬಿದ್ದವರು, ಒಮ್ಮೊಮ್ಮೆ ಮೂಲೆಯಲ್ಲಿ ಹಸುಗಳು. ಹಸು ಕಂಡರೆ ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ನಡುವಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಲಿಂಗ, ಅದರೆದುರು ಕೈಮುಗಿದು ಕೂತ ಅದೇ ವೀರ, ತುದಿಯಲ್ಲಿ ಸೂರ್ಯಚಂದ್ರ. ಹಳೆಯ ಕಲ್ಲುಗಳಲ್ಲಿ ಒಂದೇ ಪಟ್ಟಿಕೆ ಇರುವುದೂ ಉಂಟು, ಮೂರು ಇಲ್ಲವೆಂದು ನಿರಾಸೆಪಡಬೇಡಿ. ನೋಡಿದ ಮೇಲೆ ಉದ್ದ ಹಾಳೆಯನ್ನು ಮೂರು ಮಡಿಕೆ ಮಾಡಿ ಕೊಟ್ಟು, ನಿಮ್ಮ ಮನೆಯ ವೀರ ಯಾರೋ ಅವರಿಗೊಂದು ಕಲ್ಲು ಬರೆಯಿರಿ ಅನ್ನಿ. ಕೋತಿ ಓಡಿಸಿದ ಅಜ್ಜಿಗೂ ಬರೆಯಬಹುದು. ಮಕ್ಕಳು ಅಭ್ಯಾಸದಂತೆ ಮೇಲಿನಿಂದ ಶುರುಮಾಡುತ್ತಾರೆ, ಕೆಳಮನೆಯಲ್ಲಿ ಮೊದಲೇ ಸಣ್ಣದಾಗಿ 1 ಎಂದು ಬರೆದುಕೊಡಿ.

ಇಂಥ ಕಲ್ಲುಗಳ ಮೇಲೆ ಹಾಳೆ ಇಟ್ಟು ಬಳಪ ಉಜ್ಜಿ ಅಚ್ಚು ತೆಗೆಯುವ ವಿಡಿಯೊಗಳು ಈಗ ಬಹಳ ಓಡಾಡುತ್ತಿವೆ. ದಯವಿಟ್ಟು ಬೇಡ. ಹಾಳೆ ಹರಿದಲ್ಲಿ ಮೇಣ ಕಲ್ಲಿಗೆ ಅಂಟಿ ಉಳಿಯುತ್ತದೆ, ಉಜ್ಜುವ ಭಾರಕ್ಕೆ ಚಕ್ಕೆ ಎದ್ದ ಅಂಚು ಉದುರುತ್ತದೆ, ಸಂರಕ್ಷಿತ ಸ್ಮಾರಕವಾದರೆ ಕಾನೂನಿನ ತೊಂದರೆಯೂ ಇದೆ. ಶಾಸನ ತಜ್ಞರು ಅಚ್ಚು ತೆಗೆಯುವ ರೀತಿಯೇ ಬೇರೆ: ಒದ್ದೆ ಕಾಗದವನ್ನು ಬ್ರಷ್‌ನಿಂದ ತಟ್ಟಿ ಅಕ್ಷರದ ಗುಂಡಿಯೊಳಗೆ ಇಳಿಸಿ, ಸ್ವಲ್ಪ ಆರಿದ ಮೇಲೆ ಬಟ್ಟೆಯುಂಡೆಯಿಂದ ಮಸಿ ತಟ್ಟುತ್ತಾರೆ. ಉಬ್ಬು ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಅದು ಕೈ ಪಳಗಿದವರ ಕೆಲಸ. ಮಕ್ಕಳ ಉಜ್ಜುವ ಆಸೆಗೆ ತಂಗಿದ ಮನೆಯಲ್ಲಿ ಐದು ರೂಪಾಯಿ ನಾಣ್ಯ, ಅರಳಿ ಎಲೆಯ ಹಿಂಬದಿ, ಬೆತ್ತದ ಬುಟ್ಟಿ ಸಾಕು. ತೆಳು ಹಾಳೆಯನ್ನು ಎರಡು ಕಡೆ ಟೇಪಿನಿಂದ ಬಿಗಿಯಿರಿ. ಮೇಣದ ಬಳಪದ ಸುತ್ತಿನ ಕಾಗದ ಸುಲಿದು ಅಡ್ಡಲಾಗಿ ಮಲಗಿಸಿ ಉಜ್ಜಿಸಿ. ಎರಡೆರಡು ಗೆರೆ ಮೂಡಿದರೆ ಹಾಳೆ ಸರಿದಿದೆ ಎಂದರ್ಥ.

ನಂದಿಬೆಟ್ಟದ ಮೇಲಿನ ನೂಕುನುಗ್ಗಲಿಗಿಂತ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ಚಿತ್ರಕ್ಕೆ ಹೇಳಿಮಾಡಿಸಿದ ಜಾಗ. ಕಿಂಡಿ ಕತ್ತರಿಸಿದ ರಟ್ಟು ಕೆಲಸಕ್ಕೆ ಬರುವುದು ಇಲ್ಲಿ. ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳಲ್ಲಿ ಬಳ್ಳಿ, ಹಕ್ಕಿ, ದೇವದಂಪತಿ ಎಲ್ಲ ಒತ್ತೊತ್ತಾಗಿ ಸೇರಿಕೊಂಡಿದ್ದು, ಎಲ್ಲಿಂದ ಶುರುಮಾಡುವುದೆಂದು ಯಾರಿಗೂ ತೋಚುವುದಿಲ್ಲ. ಕಿಂಡಿಯನ್ನು ಕಣ್ಣಿಗೆ ಹಿಡಿದು, ಅದರೊಳಗೆ ಕಂಡಷ್ಟೇ ಬರೆ ಅನ್ನಿ. ಒಂದು ಹಕ್ಕಿ, ಅರ್ಧ ಬಳ್ಳಿ, ಮುಗಿಯಿತು. ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋದರೆ ಬಿಸಿಲು ಓರೆಯಾಗಿ ಬಿದ್ದು ಹೊರಗೋಡೆಯ ಉಬ್ಬುತಗ್ಗು ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಅದೇ ಗೋಡೆ ಚಪ್ಪಟೆ. ಶಿವರಾತ್ರಿಯ ತೇರಿನ ದಿನಗಳಲ್ಲಿ ಚಿತ್ರದ ಆಸೆ ಬಿಟ್ಟು ತೇರು ನೋಡಿ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದರೆ ಕಲ್ಲು ಮೂರ್ತಿಯಾಗುವುದನ್ನು ಕಣ್ಣಾರೆ ಕಾಣಬಹುದು. ಶಿಲ್ಪಿಗಳ ಊರು, ಕಲ್ಲಿನ ಜೊತೆಗೆ ಪಂಚಲೋಹದ ಎರಕವೂ ಇದೆ. ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಈಗ ದೊಡ್ಡ ಭಾಗ ತೆಗೆಯುವ ಕೆಲಸ ಯಂತ್ರದ್ದು, ಗ್ರೈಂಡರ್ ಓಡುವಾಗ ಏಳುವ ಕಲ್ಲುಹುಡಿ ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಯಂತ್ರದ ಸದ್ದಿದ್ದರೆ ಆ ಶೆಡ್ಡು ಬಿಟ್ಟು ಮುಂದೆ ಹೋಗಿ. ಉಳಿ ಸುತ್ತಿಗೆ ಹಿಡಿದು ಮುಖ, ಬೆರಳು ಬಿಡಿಸುತ್ತಿರುವವರನ್ನು ಹುಡುಕಿ. ಅಲ್ಲೂ ಚಕ್ಕೆ ಹಾರುವುದರಿಂದ ಎರಡು ಮಾರು ದೂರ ನಿಲ್ಲಬೇಕು. "ಅಣ್ಣ, ಮಕ್ಕಳು ಸ್ವಲ್ಪ ಹೊತ್ತು ನೋಡಬಹುದಾ?" ಎಂದು ಕೇಳದೆ ಕ್ಯಾಮೆರಾ ಎತ್ತಬೇಡಿ. ಆರ್ಡರಿನ ಗಡುವು ಅವರ ತಲೆಯ ಮೇಲೆ ಕೂತಿರುತ್ತದೆ. ಅರ್ಧ ಗಂಟೆ ಅವರ ಕೈ ನಿಲ್ಲಿಸಿ ಮಾತಾಡಿಸಿದರೆ ಏನಾದರೂ ಸಣ್ಣದನ್ನು ಕೊಳ್ಳುವುದು, ಇಲ್ಲವೇ ಆ ಹೊತ್ತಿಗೆ ಹಣ ಕೊಡುವುದು ಮರ್ಯಾದೆ.

ಕಲ್ಲು ಕೆತ್ತುವುದು ಮಕ್ಕಳಿಂದ ಆಗದು. ಆದರೆ ಶಿಲ್ಪಿ ಉಳಿ ಮುಟ್ಟುವ ಮೊದಲು ಮಾಡುವ ಲೆಕ್ಕ ಅವರಿಗೆ ಚೆನ್ನಾಗಿ ಆಗುತ್ತದೆ. ಅದಕ್ಕೆ ತಾಳಮಾನ ಎನ್ನುತ್ತಾರೆ. ಹಣೆಯ ಕೂದಲಂಚಿನಿಂದ ಗಲ್ಲದವರೆಗೆ ಒಂದು ತಾಳ, ಒಂದು ತಾಳಕ್ಕೆ ಹನ್ನೆರಡು ಅಂಗುಲ. ನವತಾಳದ ಮೂರ್ತಿಯೆಂದರೆ 108 ಅಂಗುಲದ ಲೆಕ್ಕ. ಗಣಪತಿಗೆ ಐದೇ ತಾಳ, ಅದಕ್ಕೇ ಅವನು ಮಗುವಿನಂತೆ ಕಾಣುವುದು. ಒಂದು ದಾರ ತೆಗೆದುಕೊಂಡು ಮಗುವಿನ ಮುಖ ಅಳೆದು ಗಂಟು ಹಾಕಿ, ಅದೇ ಅಳತೆಯಲ್ಲಿ ತಲೆಯಿಂದ ಪಾದದವರೆಗೆ ಎಣಿಸಿ. ದೊಡ್ಡವರಲ್ಲಿ ಒಂಬತ್ತರ ಆಸುಪಾಸು ಬರುತ್ತದೆ, ಆರು ವರ್ಷದವರಲ್ಲಿ ಏಳೆಂಟು. ಅಪ್ಪನನ್ನೂ ತಂಗಿಯನ್ನೂ ಗೋಡೆಗೆ ನಿಲ್ಲಿಸಿ ಅಳೆದ ಮಗುವಿಗೆ ಮಕ್ಕಳ ಚಿತ್ರದಲ್ಲಿ ತಲೆ ಯಾಕೆ ದೊಡ್ಡದಾಗಿರಬೇಕೆಂದು ಇನ್ನೊಬ್ಬರು ಹೇಳಬೇಕಿಲ್ಲ.

ಕೆತ್ತುವ ಆಸೆ ತೀರಿಸಲು ಮೈಸೋಪು ಸಾಕು. ನೂರು ಗ್ರಾಮಿನ ಹೊಸ ಬಿಲ್ಲೆ, ಒಂದು ರಾತ್ರಿ ಮಾತ್ರ ಬಿಚ್ಚಿಟ್ಟದ್ದು. ತಿಂಗಳುಗಟ್ಟಲೆ ಒಣಗಿದ ಸೋಪು ಸೀಳುತ್ತದೆ. ಐಸ್‌ಕ್ರೀಂ ಕಡ್ಡಿ, ಚಮಚದ ಹಿಡಿ, ಹೇರ್‌ಪಿನ್ ಉಳಿಯ ಬದಲು. ಮೊದಲು ನಾಲ್ಕೂ ಬದಿಯಲ್ಲಿ ಆಕಾರ ಗೀಚಿಕೊಳ್ಳಬೇಕು. ಮುಂದಿನ ಬದಿಯಲ್ಲಿ ಮಾತ್ರ ಗೀಚಿದರೆ ಮೀನು ಹೋಗಿ ಬಿಸ್ಕತ್ತು ಬರುತ್ತದೆ. ತೆಳುವಾಗಿ ಹೆರೆಯಬೇಕು, ಅಗೆಯಬಾರದು. ಬಾಲ, ಕಿವಿ ಮುಂತಾದ ಚಾಚಿದ ಭಾಗಗಳನ್ನು ಕೊನೆಗೆ ಉಳಿಸಿಕೊಳ್ಳಬೇಕು.

ಶಿಡ್ಲಘಟ್ಟ ರೇಷ್ಮೆಯ ಪೇಟೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಬಿಳಿ ಗೂಡು, ಹಳದಿ ಗೂಡು ರಾಶಿರಾಶಿ. ಆದರೆ ಹರಾಜಿನ ಹೊತ್ತು ರೈತನಿಗೂ ಗೂಡು ಕೊಂಡು ನೂಲು ತೆಗೆಯುವ ರೀಲರಿಗೂ ಒಂದು ತಿಂಗಳ ಬದುಕಿನ ಹೊತ್ತು, ಮಕ್ಕಳು ಜಾಲರಿಯೊಳಗೆ ಕೈ ಹಾಕುವ ಜಾಗವಲ್ಲ. ಅಂಚಿನಲ್ಲಿ ಹತ್ತು ನಿಮಿಷ ನಿಂತು, ನೂಲು ಬಿಚ್ಚುವ ಘಟಕವೊಂದಕ್ಕೆ ಮೊದಲೇ ಕೇಳಿಕೊಂಡು ಹೋಗಿ. ವಾಸನೆ ಗಟ್ಟಿಯಾಗಿರುತ್ತದೆ, ಇದನ್ನು ಮಕ್ಕಳಿಗೆ ಮುಂಚೆಯೇ ಹೇಳಿರಬೇಕು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹಿಡಿಯುವುದನ್ನು ನೋಡುವುದೇ ಒಂದು ಪಾಠ. ಒಂದು ಗೂಡಿನ ಎಳೆ ಸುಮಾರು ಒಂದು ಕಿಲೋಮೀಟರ್ ಉದ್ದ, ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣ, ಹಾಗಾಗಿ ಹಲವು ಗೂಡುಗಳ ಎಳೆ ಕೂಡಿಸಿ ಒಂದು ನೂಲು ತೆಗೆಯುತ್ತಾರೆ. "ಒಳಗಿದ್ದ ಹುಳ ಏನಾಯ್ತು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಸತ್ತಿತು ಎಂದೇ ಹೇಳಿ. ಚಿಟ್ಟೆ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ, ಅದಕ್ಕೇ ಮೊದಲೇ ಬೇಯಿಸುತ್ತಾರೆ. ಸುತ್ತಿ ಬಳಸಿ ಹೇಳಿದ ಉತ್ತರ ಮಕ್ಕಳಿಗೆ ಗೊತ್ತಾಗುತ್ತದೆ.

ಕೈಕೆಲಸಕ್ಕೆ ಬೇಕಾದದ್ದು ಚಿಟ್ಟೆ ಹೊರಬಂದ ತೂತು ಗೂಡು. ರೇಷ್ಮೆಹುಳದ ಮೊಟ್ಟೆ ತಯಾರಿಸುವ ಕಡೆ ಇವು ಉಳಿಯುತ್ತವೆ, ನೂಲಿಗೆ ಬಾರವು. ಒಬ್ಬರಿಗೆ ಹದಿನೈದು ಸಾಕು. ಉಗುರುಬೆಚ್ಚಗಿಗಿಂತ ಬಿಸಿಯಾದ ಒಂದು ಲೋಟ ನೀರಿಗೆ ಒಂದು ಚಮಚ ವಿನೆಗರ್, ಐದಾರು ಹನಿ ಅಡುಗೆ ಬಣ್ಣ. ವಿನೆಗರ್ ಇಲ್ಲದಿದ್ದರೆ ಬಣ್ಣ ರೇಷ್ಮೆಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ತೊಳೆದಾಗ ಬಿಡುತ್ತದೆ. ಹತ್ತು ಹದಿನೈದು ನಿಮಿಷ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಿ. ಕುದಿಯುವ ನೀರು ಬೇಡ. ಗೂಡಿನ ಅಂಟು ಕರಗಿ ಹತ್ತಿಯಂತೆ ಮೆತ್ತಗಾದರೆ ದಳ ಕತ್ತರಿಸಲಾಗದು. ಪೂರ್ತಿ ಒಣಗಿದ ಮೇಲೆ ತುದಿಯಿಂದ ಐದು ಸೀಳು ಹಾಕಿ ಹೊರಕ್ಕೆ ಬಾಗಿಸಿದರೆ ಹೂವು. ಗೂಡು ಕಾಣುವುದಕ್ಕಿಂತ ಗಟ್ಟಿ, ಮಕ್ಕಳ ಮೊಂಡು ಕತ್ತರಿ ಸಾಲದು, ಮೊದಲ ಸೀಳನ್ನು ದೊಡ್ಡವರು ಹಾಕಿಕೊಡಬೇಕು.

ಮಣ್ಣಿಗೆ ತುಮಕೂರಿನ ಹತ್ತಿರದ ಗೂಳೂರು. ಬೇರೆ ಊರುಗಳಲ್ಲಿ ಚೌತಿಗೆ ಗಣಪನನ್ನು ಕೂರಿಸಿದರೆ ಇಲ್ಲಿ ಚೌತಿಗೆ ಮೂರ್ತಿ ಮಾಡಲು ಶುರು, ದೀಪಾವಳಿಯ ಬಲಿಪಾಡ್ಯಮಿಗೆ ಪ್ರತಿಷ್ಠಾಪನೆ, ಕಾರ್ತಿಕವಿಡೀ ಪೂಜೆ, ಆಮೇಲೆ ಕೆರೆಯಲ್ಲಿ ವಿಸರ್ಜನೆ. ಅಂದರೆ ಚೌತಿ ಮತ್ತು ದೀಪಾವಳಿಯ ನಡುವೆ ಹೋದರೆ ಅರ್ಧ ಕಟ್ಟಿದ ಗಣಪ ಕಾಣಸಿಗುತ್ತಾನೆ. ನಮ್ಮ ಪ್ರಕಾರ ಮುಗಿದ ಮೂರ್ತಿಗಿಂತ ಮಕ್ಕಳು ನೋಡಬೇಕಾದದ್ದು ಅದೇ. ಪಕ್ಕದ ಕೈದಾಳದಲ್ಲಿ ಚೆನ್ನಕೇಶವನ ಗುಡಿ. ಜಕಣಾಚಾರಿ ಕೆತ್ತಿದ ಮೂರ್ತಿಗೆ ಗಂಧ ಬಳಿದಾಗ ಹೊಕ್ಕುಳ ಮಾತ್ರ ಒಣಗದೆ ಉಳಿಯಿತು, ಮಗ ಡಂಕಣ ಅಲ್ಲಿ ಒಡೆದು ಕಲ್ಲಿನೊಳಗಿನ ಕಪ್ಪೆ ತೋರಿಸಿದ, ದೋಷ ಕಂಡರೆ ಕೈ ಕತ್ತರಿಸಿಕೊಳ್ಳುವೆನೆಂದ ಮಾತಿಗೆ ಕಟ್ಟುಬಿದ್ದು ತಂದೆ ಕೈ ಕತ್ತರಿಸಿಕೊಂಡ, ಆ ಕೈ ಮತ್ತೆ ಬಂದದ್ದು ಇಲ್ಲಿ ಎಂಬುದು ಐತಿಹ್ಯ. ಕಥೆಯಲ್ಲಿನ ಗಂಧದ ಪರೀಕ್ಷೆಯನ್ನು ನೆನಪಿನಲ್ಲಿಡಿ, ಮಣ್ಣಿನ ಕೆಲಸದಲ್ಲಿ ಅದೇ ಸೂತ್ರ: ಒಂದು ಕಡೆ ಮೊದಲು, ಒಂದು ಕಡೆ ಆಮೇಲೆ ಒಣಗಿದರೆ ಒಳಗೇನೋ ಸರಿಯಿಲ್ಲ.

ಕೆರೆಯಲ್ಲಿ ನೀವೇ ಅಗೆಯಲು ಹೋಗಬೇಡಿ, ಬೇರು, ಕಲ್ಲು, ಮರಳು ತೆಗೆಯುವುದರಲ್ಲೇ ಎರಡು ದಿನ ಹೋಗುತ್ತದೆ. ಕುಂಬಾರರ ಮನೆಯಲ್ಲಿ ಹದ ಮಾಡಿದ ಮಣ್ಣು ಕೊಳ್ಳಿ, ಮಗುವಿಗೆ ಅರ್ಧ ಕೆಜಿ. ಹದ ನೋಡಲು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರಿದರೆ ನೀರು ಸಾಲದು, ಕೈಗೆ ಅಂಟಿದರೆ ಹೆಚ್ಚಾಗಿದೆ. ಸೊಂಡಿಲು, ಕಿವಿ, ಕೈ ಅಂಟಿಸುವಾಗ ಎರಡೂ ಕಡೆ ಫೋರ್ಕಿನಿಂದ ಗೀರಿ, ಮೊಸರಿನ ಹದದ ಮಣ್ಣಿನ ರಾಡಿ ಹಚ್ಚಿ, ತುಸು ತಿರುಚಿ ಒತ್ತಬೇಕು. ಬರೀ ನೀರು ಸವರಿ ಅಂಟಿಸಿದ ಸೊಂಡಿಲು ರಾತ್ರಿಯೇ ಕಳಚಿ ಬಿದ್ದಿರುತ್ತದೆ. ಗಟ್ಟಿಯಾಗಲಿ ಎಂದು ಒಳಗೆ ಕಡ್ಡಿ ಚುಚ್ಚುವುದು ಎಲ್ಲರೂ ಮಾಡುವ ತಪ್ಪು. ಒಣಗುವಾಗ ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಆದ್ದರಿಂದ ಕಡ್ಡಿಯುದ್ದಕ್ಕೂ ಬಿರುಕು. ಅದರ ಬದಲು ಕೆಳಗೆ ಕಾಗದದ ಉಂಡೆ ಆನಿಸಿಡಿ.

ಹೊಟ್ಟೆ ದಪ್ಪ, ಕಿವಿ ತೆಳು, ಗಣಪನ ಕಷ್ಟವೇ ಇದು. ಕಿವಿ ಒಣಗಿ ಎಳೆಯುತ್ತದೆ, ಹೊಟ್ಟೆ ಹಸಿಯಾಗಿಯೇ ಇರುತ್ತದೆ, ಕುತ್ತಿಗೆಯಲ್ಲಿ ಬಿರುಕು. ಮಾಡಿದ ಮಾರನೆಯ ದಿನ, ಒತ್ತಿದರೆ ಬೆರಳ ಗುರುತು ಬೀಳದಷ್ಟು ಗಟ್ಟಿಯಾದಾಗ, ತಿರುಗಿಸಿ ಹಿಡಿದು ಬುಡದಿಂದ ಚಮಚದಲ್ಲಿ ಒಳಮಣ್ಣು ತೋಡಿ ಒಂದು ಸೆಂಟಿಮೀಟರ್ ಗೋಡೆ ಉಳಿಸಿ. ಕಿವಿಗಳಿಗೆ ಒದ್ದೆ ಬಟ್ಟೆಯ ತುಂಡು ಹೊದಿಸಿದರೆ ಹೊಟ್ಟೆಯ ಜೊತೆಗೇ ಒಣಗುತ್ತವೆ. ನಾಲ್ಕೈದು ದಿನ ನೆರಳು, ಬಿಸಿಲು ಬೇಡ. ಕಾರಿನಲ್ಲಿ ಒಯ್ಯುವುದಾದರೆ ಅಗಲ ಡಬ್ಬಿಯ ತಳಕ್ಕೆ ಮರಳು ಅಥವಾ ಮಡಿಸಿದ ಬಟ್ಟೆ ಹಾಸಿ, ಮುಚ್ಚಳ ಸಡಿಲವಾಗಿಟ್ಟು ಸೀಟಿನ ಕೆಳಗಿಡಿ. ಗಾಜಿನ ಹಿಂದಿನ ಬಿಸಿಲಿಗೆ ಸಿಕ್ಕಿದ ಹಸಿ ಮಣ್ಣು ಊರು ತಲುಪುವಷ್ಟರಲ್ಲಿ ಸೀಳಿರುತ್ತದೆ. ಸುಟ್ಟು ಕೊಡಿ ಎಂದು ಕುಂಬಾರರನ್ನು ಒತ್ತಾಯಿಸಬೇಡಿ. ದಪ್ಪ ಮಣ್ಣಿನೊಳಗೆ ಉಳಿದ ತೇವ ಮಡಕೆ ಸುಡುವ ಆವಿಗೆಯಲ್ಲಿ ಹಬೆಯಾಗಿ ಸಿಡಿಯುತ್ತದೆ, ಮಗುವಿನ ಒಂದು ಗಣಪನ ಜೊತೆಗೆ ಅಕ್ಕಪಕ್ಕದ ಅವರ ಮಡಕೆಗಳೂ ಒಡೆಯುತ್ತವೆ.